ಕೆಂಪು ರೆಜಿಮೆಂಟಿನ ಕೆಂಪು ಎಲ್ಲಿತ್ತು?

ಮಾನ್ಯ ಸಂಪಾದಕರೇ,

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ದೊರೆ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ ಹಣ, ಧರ್ಮ, ಸೇನೆಯ ಮೇಲಿನ ಹಿಡಿತ ಇವುಗಳ ವಿಷಯದಲ್ಲಿ ಬೆಳೆದ ವೈಮನಸ್ಸನ್ನು ಲೇಖಕರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಲಂಡನ್ ನಗರದ ನಾಗರಿಕ ಪಡೆಗಳ ಭಾಗಕ್ಕೆ ಬಂದಾಗ ಕೆಲವು ಸಂಗತಿಗಳು ದಾರಿ ತಪ್ಪಿವೆ. ಕೆಂಪು ರೆಜಿಮೆಂಟ್, ನೀಲಿ ರೆಜಿಮೆಂಟ್ ಎಂಬ ಹೆಸರುಗಳು ಸೈನಿಕರ ಅಂಗಿಯ ಬಣ್ಣದಿಂದ ಬಂದವೆಂದು ಅಲ್ಲಿ ಬರೆದಿದೆ; ಜೊತೆಗಿರುವ ಚಿತ್ರದಲ್ಲಿ ಇಡೀ ರೆಜಿಮೆಂಟಿಗೆ ಒಂದೇ ಬಾವುಟವನ್ನು ಹಿಡಿಸಲಾಗಿದೆ; ಆ ಬಾವುಟದ ಮೇಲೆ ಇಂದಿನ ಬ್ರಿಟನ್ನಿನ ಧ್ವಜವನ್ನು ಹೋಲುವ ಗುರುತೂ ಇದೆ. ಈ ಮೂರರಲ್ಲಿ ಒಂದೂ ಆ ಪಡೆಗಳಿಗೆ ಸಲ್ಲುವುದಿಲ್ಲ.

‘ಟ್ರೇನ್ಡ್ ಬ್ಯಾಂಡ್’ ಎಂದು ಕರೆಯಲಾಗುತ್ತಿದ್ದ ಈ ಪಡೆಗಳಲ್ಲಿ ಇದ್ದವರು ವೃತ್ತಿಯ ಸಿಪಾಯಿಗಳಲ್ಲ. ಅಂಗಡಿಕಾರರು, ಕುಶಲಕರ್ಮಿಗಳು, ಮನೆಯ ಯಜಮಾನರು, ಅವರ ಪರವಾಗಿ ಬಂದ ಶಿಷ್ಯರು ಮತ್ತು ಕೆಲಸಗಾರರು ಆಗಾಗ ಮೈದಾನಕ್ಕೆ ಬಂದು ಈಟಿ ಮತ್ತು ಬಂದೂಕಿನ ಕವಾಯತು ಕಲಿತು ಮನೆಗೆ ಮರಳುತ್ತಿದ್ದರು. 1642ರ ಜನವರಿಯಲ್ಲಿ ದೊರೆಯು ಪಾರ್ಲಿಮೆಂಟಿನ ಐವರು ಸದಸ್ಯರನ್ನು ಬಂಧಿಸಲು ಹೋಗಿ ವಿಫಲನಾದ ಬೆನ್ನಲ್ಲೇ ನಗರದ ಪಡೆಗಳ ನಾಯಕತ್ವವು ಅನುಭವಿ ಯೋಧ ಫಿಲಿಪ್ ಸ್ಕಿಪ್ಪನ್‌ನ ಕೈಗೆ ಬಂತು. ಅದುವರೆಗೆ ನಾಲ್ಕಾಗಿದ್ದ ರೆಜಿಮೆಂಟುಗಳನ್ನು ಆ ವರ್ಷ ಆರಕ್ಕೆ ಏರಿಸಿ, ಕಂಪನಿ ಎಂಬ ಒಟ್ಟು ನಲವತ್ತು ಸಣ್ಣ ತುಕಡಿಗಳನ್ನು ಅವುಗಳಲ್ಲಿ ಹಂಚಲಾಯಿತು. ಕೆಂಪು, ಬಿಳಿ, ಹಳದಿ, ನೀಲಿ, ಹಸಿರು, ಕಿತ್ತಳೆ ಎಂಬ ಹೆಸರುಗಳು ಈ ಆರರವು. 1642ರ ಮೇ 10ರಂದು ಫಿನ್ಸ್‌ಬರಿ ಮೈದಾನದಲ್ಲಿ ಅವು ಒಟ್ಟಾಗಿ ನೆರೆದಾಗ ಸುಮಾರು ಎಂಟು ಸಾವಿರ ಜನ ಆಯುಧ ಹಿಡಿದು ನಿಂತಿದ್ದರು. ಅವರು ತೊಟ್ಟಿದ್ದದ್ದು ತಮ್ಮ ತಮ್ಮ ಮನೆಯ ಬಟ್ಟೆಯನ್ನೇ. ಹೆಸರಿನಲ್ಲಿದ್ದ ಬಣ್ಣ ಕಾಣುತ್ತಿದ್ದದ್ದು ಅವರ ತಲೆಗಳ ಮೇಲೆ ಹಾರುವ ಬಾವುಟದ ಬಟ್ಟೆಯಲ್ಲಿ. ಇಂಗ್ಲಿಷ್ ಸೈನಿಕನೆಂದರೆ ಕೆಂಪು ಕೋಟು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ ಈ ಗೊಂದಲ ಸಹಜವೇ. ಆದರೆ ಇಡೀ ಸೇನೆಗೆ ಕೆಂಪು ಕೋಟು ತೊಡಿಸಿದ್ದು 1645ರಲ್ಲಿ ಕಟ್ಟಲಾದ ಹೊಸ ಮಾದರಿಯ ಸೇನೆ, ಮತ್ತು ಅದು ಬೇರೆಯೇ ಸಂಸ್ಥೆ.

ಇನ್ನು ಬಾವುಟದ ಸಂಖ್ಯೆಯ ಮಾತು. ಆ ಕಾಲದ ಕಾಲಾಳು ಪಡೆಯಲ್ಲಿ ಬಾವುಟವು ರೆಜಿಮೆಂಟಿನದಲ್ಲ, ಕಂಪನಿಯದು. ನಲವತ್ತು ಕಂಪನಿಗಳಿದ್ದರೆ ನಲವತ್ತು ಬಾವುಟ. ಒಂದು ರೆಜಿಮೆಂಟಿನೊಳಗಿನ ಆರೇಳು ಬಾವುಟಗಳಿಗೂ ಹಿನ್ನೆಲೆಯ ಬಣ್ಣ ಒಂದೇ, ಆದರೆ ಒಂದರಂತೆ ಇನ್ನೊಂದಿಲ್ಲ. ಈ ವ್ಯತ್ಯಾಸಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು, 1672ರಲ್ಲಿ ಸೈನಿಕ ವಿಚಾರಗಳನ್ನು ಬರೆದ ಥಾಮಸ್ ವೆನ್ ಅದನ್ನು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಕರ್ನಲ್ಲನ ಸ್ವಂತ ಕಂಪನಿಯ ಬಾವುಟ ಯಾವ ಗುರುತೂ ಇಲ್ಲದ ಶುದ್ಧ ಒಂದೇ ಬಣ್ಣದ್ದು. ಲೆಫ್ಟಿನೆಂಟ್ ಕರ್ನಲ್ಲನದರಲ್ಲಿ ಕೋಲಿನ ಪಕ್ಕದ ಮೇಲಿನ ಮೂಲೆಗೆ ಒಂದು ಬಿಳಿಯ ಚೌಕ, ಅದರೊಳಗೆ ಸೇಂಟ್ ಜಾರ್ಜ್‌ನ ಕೆಂಪು ಶಿಲುಬೆ. ಮೇಜರನದರಲ್ಲಿ ಅದೇ ಚೌಕದ ಹೊರ ಕೆಳಮೂಲೆಯಿಂದ ಜ್ವಾಲೆಯಂತೆ ಅಲೆಯಲೆಯಾಗಿ ಹೊರಟ ಒಂದು ಎಳೆ. ಆಮೇಲಿನ ಕ್ಯಾಪ್ಟನ್ನರಲ್ಲಿ ಮೊದಲನೆಯವನಿಗೆ ಶಿಲುಬೆಯ ಜೊತೆ ಒಂದು ಗುರುತು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಮೂರು, ಹೀಗೆ ಏರುತ್ತ ಹೋಗುತ್ತದೆ. ಆ ಗುರುತು ವಜ್ರಾಕೃತಿಯಾಗಿರಬಹುದು, ನಕ್ಷತ್ರವಾಗಿರಬಹುದು, ದುಂಡನೆಯ ಬೊಟ್ಟಾಗಿರಬಹುದು. ಒಂದು ರೆಜಿಮೆಂಟಿನೊಳಗೆ ಮಾತ್ರ ಅದು ಬದಲಾಗುವುದಿಲ್ಲ. ಅಕ್ಷರ ಬಾರದ ಸೈನಿಕನಿಗೂ ಬಣ್ಣ ನೋಡಿ ರೆಜಿಮೆಂಟ್, ಬೊಟ್ಟು ಎಣಿಸಿ ಕ್ಯಾಪ್ಟನ್ ಯಾರೆಂದು ತಿಳಿಯುತ್ತಿತ್ತು. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈತಪ್ಪಿದವರು ತೇರಿನ ಬಾವುಟವನ್ನು ನೋಡಿಕೊಂಡು ತಮ್ಮವರ ಕಡೆ ಸರಿಯುವಂತೆ, ಮದ್ದಿನ ಹೊಗೆಯಲ್ಲಿ ಚದುರಿದವನು ತನ್ನ ಬೊಟ್ಟುಗಳನ್ನು ಹುಡುಕಿಕೊಂಡು ಹಿಂದಿರುಗಬೇಕಿತ್ತು.

ಚಿತ್ರದಲ್ಲಿ ಬಾವುಟವನ್ನು ಕರವಸ್ತ್ರದಷ್ಟು ಮಾಡಿಬಿಟ್ಟಿದ್ದಾರೆ. ನಿಜವಾದ ಕಂಪನಿ ಬಾವುಟ ಪ್ರತಿ ಬದಿಗೂ ಸುಮಾರು ಆರೂವರೆ ಅಡಿ ಇರುವ ಟಫೆಟಾ ರೇಷ್ಮೆಯ ಚೌಕ, ಗುರುತುಗಳನ್ನು ಹೆಚ್ಚಾಗಿ ಬಣ್ಣದಿಂದ ಬರೆದದ್ದು. ಅದನ್ನು ಹಿಡಿಯುತ್ತಿದ್ದ ಎನ್ಸೈನ್ ಎಂಬ ಅಧಿಕಾರಿ ಕ್ಯಾಪ್ಟನ್ ಮತ್ತು ಲೆಫ್ಟಿನೆಂಟರ ನಂತರ ಕಂಪನಿಯಲ್ಲಿ ಮೂರನೆಯವನು. ಕಾಳಗಕ್ಕೆ ಸಾಲು ಕಟ್ಟಿದಾಗ ಎರಡೂ ಪಕ್ಕದಲ್ಲಿ ಬಂದೂಕಿನವರು, ನಡುವೆ ಉದ್ದನೆಯ ಈಟಿಯವರು, ಆ ಈಟಿಗಳ ಮಧ್ಯದಲ್ಲಿ ಬಾವುಟಗಳು. ಅಷ್ಟು ಕಾವಲಿನ ನಡುವೆಯೂ ಬಾವುಟ ಶತ್ರುವಿನ ಪಾಲಾದರೆ ಅದು ಇಡೀ ಕಂಪನಿಯ ಮಾನದ ಪ್ರಶ್ನೆ. ಕೋಟೆ ಒಪ್ಪಿಸುವಾಗಿನ ಕರಾರುಗಳಲ್ಲಿ ಬಾವುಟ ಬಿಚ್ಚಿ, ನಗಾರಿ ಬಾರಿಸುತ್ತ ಹೊರಹೋಗುವ ಹಕ್ಕಿಗಾಗಿ ಸೇನಾಪತಿಗಳು ಹಟ ಹಿಡಿಯುತ್ತಿದ್ದದ್ದೂ ಇದೇ ಕಾರಣಕ್ಕೆ. 1646ರ ಜೂನ್‌ನಲ್ಲಿ ಆಕ್ಸ್‌ಫರ್ಡಿನ ರಾಜಪಕ್ಷದ ಕಾವಲುಪಡೆ ಹೊರನಡೆದದ್ದು ಹಾಗೆಯೇ.

ಲೇಖನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸಿತು. ಪಾರ್ಲಿಮೆಂಟಿನ ಬಾವುಟ ಒಂದು ಕಡೆ, ದೊರೆಯ ಬಾವುಟ ಇನ್ನೊಂದು ಕಡೆ, ಹೀಗೆ ಎರಡು ಸಿದ್ಧಾಂತಗಳು ಬಟ್ಟೆಯ ಮೇಲೆ ಎದುರುಬದುರಾಗಿ ನಿಂತಿದ್ದವು ಎಂದು ಲೇಖಕರು ಬರೆದಿದ್ದಾರೆ. ಕುದುರೆ ಸವಾರರ ವಿಷಯದಲ್ಲಿ ಈ ಮಾತನ್ನು ಸ್ವಲ್ಪಮಟ್ಟಿಗೆ ಒಪ್ಪಬಹುದು. ಸವಾರರ ಬಾವುಟ ಸುಮಾರು ಎರಡಡಿಯ ಸಣ್ಣ ಚೌಕ. ಅದರ ಮೇಲೆ ಲ್ಯಾಟಿನ್ ವಾಕ್ಯ, ಸಂಕೇತಚಿತ್ರ, ಎದುರಾಳಿಯ ಮೇಲಿನ ಕಟಕಿ, ಎಲ್ಲವೂ ನಾಯಕನ ಮನಸ್ಸಿಗೆ ಬಂದಂತೆ. ಪಾರ್ಲಿಮೆಂಟಿನ ಸೇನಾಪತಿ ಎಸೆಕ್ಸ್‌ನ ಬಾವುಟದಲ್ಲಿ ‘ಕಾವೆ ಆಡ್ಸಮ್’, ಎಂದರೆ ‘ಎಚ್ಚರ, ನಾನಿದ್ದೇನೆ’ ಎಂಬ ಬೆದರಿಕೆ ಇತ್ತು. ಅವನ ಮುರಿದ ದಾಂಪತ್ಯವನ್ನು ಆಡಿಕೊಳ್ಳುವ ಬಾವುಟವನ್ನು ರಾಜಪಕ್ಷದ ಸವಾರರೂ ಮಾಡಿಸಿಕೊಂಡರು. ಓದಲು ಇವು ಬಲು ರಂಜಕವಾಗಿರುವುದರಿಂದಲೇ ಇರಬೇಕು, ಅಂತರ್ಯುದ್ಧದ ಬಾವುಟವೆಂದರೆ ಎಲ್ಲರೂ ಇವನ್ನೇ ಉದಾಹರಿಸುತ್ತಾರೆ.

ನಗರದ ನಾಗರಿಕ ಪಡೆಯ ಬಾವುಟದಲ್ಲಿ ಅಂಥ ಮಾತುಗಾರಿಕೆಯೇ ಇಲ್ಲ. ಅದು ಹೇಳುವುದು ಇಷ್ಟೇ: ನಾವು ಹಳದಿ ರೆಜಿಮೆಂಟ್, ನಮ್ಮ ಕ್ಯಾಪ್ಟನ್ ಸರದಿಯಲ್ಲಿ ಎರಡನೆಯವನು. ಮೂಲೆಯಲ್ಲಿರುವ ಸೇಂಟ್ ಜಾರ್ಜ್ ಶಿಲುಬೆ ಇಂಗ್ಲೆಂಡಿನದು. ಅದೇ ಶಿಲುಬೆ ದೊರೆಯ ಕಾಲಾಳುಗಳ ಬಾವುಟದ ಮೂಲೆಯಲ್ಲೂ ಇತ್ತು, ಅಲ್ಲಿಯೂ ಹೆಚ್ಚುಕಡಿಮೆ ಇದೇ ಎಣಿಕೆಯ ಕ್ರಮವೇ ನಡೆಯುತ್ತಿತ್ತು. ಪಾರ್ಲಿಮೆಂಟು ಕೂಡ ತಾನು ಹೋರಾಡುವುದು ‘ದೊರೆ ಮತ್ತು ಪಾರ್ಲಿಮೆಂಟಿಗಾಗಿ’ ಎಂದೇ ಹೇಳಿಕೊಳ್ಳುತ್ತಿದ್ದಾಗ, ಅದರ ಪರ ನಿಂತ ನಗರದ ವರ್ತಕ ಬೇರೊಂದು ರಾಷ್ಟ್ರದ ಲಾಂಛನವನ್ನು ಹುಡುಕಿಕೊಂಡು ಹೋಗುವ ಪ್ರಶ್ನೆಯೇ ಬರಲಿಲ್ಲ. ಸ್ಕಾಟ್ಲೆಂಡ್ ಆಗ ಪ್ರತ್ಯೇಕ ರಾಜ್ಯವಾದ್ದರಿಂದ ಅಲ್ಲಿನ ಕಾಲಾಳುಗಳು ಸೇಂಟ್ ಆಂಡ್ರೂನ ಓರೆ ಶಿಲುಬೆಯನ್ನು ಬಾವುಟದ ತುಂಬ ಹಾಕಿಕೊಳ್ಳುತ್ತಿದ್ದರು. ಇವೆರಡನ್ನು ಕೂಡಿಸಿದ, ಇಂದಿನ ಬ್ರಿಟನ್ನಿನ ಧ್ವಜಕ್ಕೆ ಮೂಲವಾದ 1606ರ ಧ್ವಜ ಹಡಗುಗಳಿಗೆಂದು ಬಂದದ್ದು. ದೊರೆಯ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ ಒಂದೇ ರೀತಿ ಕಾಣುತ್ತಿದ್ದ ಕಾರಣ 1644ರ ಜುಲೈ 2ರ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಪಾರ್ಲಿಮೆಂಟಿನ ಕಡೆಯವರು ಗುರುತಿಗಾಗಿ ಟೊಪ್ಪಿಗೆಗೆ ಬಿಳಿಯ ಕಾಗದವನ್ನೋ ಬಟ್ಟೆಯನ್ನೋ ಸಿಕ್ಕಿಸಿಕೊಳ್ಳಬೇಕಾಯಿತು; ಅವರ ಸೇನಾನಿ ಸರ್ ಥಾಮಸ್ ಫೇರ್‌ಫ್ಯಾಕ್ಸ್ ಅದನ್ನು ಕಿತ್ತೆಸೆದು ಶತ್ರುಗಳ ನಡುವೆಯೇ ಹಾದು ತನ್ನವರನ್ನು ಸೇರಿಕೊಂಡ.

ಈ ಬಾವುಟಗಳ ಹಿಂದೆ ನಿಂತವರು ಬರಿಯ ಮೆರವಣಿಗೆಯ ಸೈನಿಕರೆಂದು ಯಾರೂ ಭಾವಿಸಬಾರದು. 1642ರ ನವೆಂಬರ್ 13ರಂದು ಟರ್ನ್‌ಹ್ಯಾಮ್ ಗ್ರೀನ್‌ನಲ್ಲಿ ಎಸೆಕ್ಸ್‌ನ ಸೇನೆಯ ಜೊತೆ ಇವರು ದಾರಿಗಡ್ಡವಾಗಿ ನಿಂತದ್ದರಿಂದಲೇ ದೊರೆ ಲಂಡನ್ನಿಗೆ ನುಗ್ಗದೆ ಹಿಂದೆ ಸರಿದ. 1643ರ ಸೆಪ್ಟೆಂಬರ್ 20ರಂದು ನ್ಯೂಬರಿಯಲ್ಲಿ ಕೆಂಪು ಮತ್ತು ನೀಲಿ ರೆಜಿಮೆಂಟುಗಳು ಫಿರಂಗಿಯ ಹೊಡೆತವನ್ನೂ ಸವಾರರ ದಾಳಿಯನ್ನೂ ತಾಳಿಕೊಂಡು ನಿಂತದ್ದನ್ನು ರಾಜಪಕ್ಷದ ಇತಿಹಾಸಕಾರ ಕ್ಲಾರೆಂಡನ್ ಕೂಡ ಮೆಚ್ಚಿದ್ದಾನೆ. ಅಂಗಡಿ ಮುಚ್ಚಿ ಬಂದವರಾದ್ದರಿಂದ ದಂಡಯಾತ್ರೆ ಉದ್ದವಾದಾಗ ‘ಮನೆಗೆ, ಮನೆಗೆ’ ಎಂದು ಕೂಗುತ್ತಿದ್ದದ್ದೂ ಇವರೇ. ಪಾರ್ಲಿಮೆಂಟಿನ ಸೇನಾಪತಿ ವಾಲರ್ ಅದರಿಂದ ರೋಸಿಹೋಗಿದ್ದ.

ನ್ಯೂಬರಿ ಕಾಳಗವಾದ ಆರು ದಿನಗಳಿಗೆ, ಸೆಪ್ಟೆಂಬರ್ 26ರಂದು, ಫಿನ್ಸ್‌ಬರಿಯಲ್ಲಿ ನಡೆದ ನಗರಪಡೆಗಳ ಸಮಾವೇಶಕ್ಕೆ ಸಂಬಂಧಿಸಿದ ಒಂದು ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯ ಹಾರ್ಲಿ ಸಂಗ್ರಹದಲ್ಲಿದೆ. ಅದರಲ್ಲಿ ವಿಲಿಯಂ ಲೆವೆಟ್ ಎಂಬಾತ ರೆಜಿಮೆಂಟುಗಳ ಬಾವುಟಗಳನ್ನು ಒಂದೊಂದಾಗಿ ಬರೆದಿಟ್ಟು ಸೈನಿಕರ ಸಂಖ್ಯೆಯನ್ನೂ ಸೇರಿಸಿದ್ದಾನೆ. ಆ ವರ್ಷವನ್ನು ಅವನು ಪಿಡುಗಿನಂಥ ದಂಗೆಯ ವರ್ಷವೆಂದು ಕರೆದಿರುವುದರಿಂದ ಅವನ ಒಲವು ದೊರೆಯ ಕಡೆಗೆ ಎಂಬುದರಲ್ಲಿ ಸಂಶಯವಿಲ್ಲ. ಲಂಡನ್ನಿನವರು ತಮ್ಮವರಿಗೆ ದಾರಿ ತೋರಲೆಂದು ಮಾಡಿಕೊಂಡ ಏರ್ಪಾಡು ವೈರಿಗೂ ಲೆಕ್ಕ ಹಾಕಲು ಅಷ್ಟೇ ಅನುಕೂಲವಾಗಿತ್ತು. ನಗರದ ರೇಷ್ಮೆಯ ಬಾವುಟಗಳ ಬಗ್ಗೆ ನಮಗೆ ಇಂದು ಇಷ್ಟು ವಿವರ ಸಿಗುತ್ತಿರುವುದು ಬಹುಮಟ್ಟಿಗೆ ಈ ವಿರೋಧಿಯ ಶ್ರದ್ಧೆಯಿಂದ.

ಲೇಖನಮಾಲೆ ಮುಂದುವರಿಯುವುದೆಂದು ಸೂಚಿಸಿದ್ದೀರಿ. ಮುಂದಿನ ಕಂತಿನಲ್ಲಿ ಲಂಡನ್ನಿನ ಪಡೆಗಳ ಚಿತ್ರ ಮತ್ತೆ ಬರುವುದಾದರೆ, ಸೈನಿಕರಿಗೆ ಬಗೆಬಗೆಯ ಅಂಗಿಗಳಿರಲಿ, ಈಟಿಗಳ ನಡುವೆ ಆಳೆತ್ತರಕ್ಕೂ ಮಿಗಿಲಾದ ಕಿತ್ತಳೆ ಬಣ್ಣದ ಹಲವು ಬಾವುಟಗಳಿರಲಿ, ಅವುಗಳಲ್ಲಿ ಒಂದು ಮಾತ್ರ ಬರಿದಾಗಿರಲಿ, ಉಳಿದವುಗಳ ಮೇಲಿನ ಮೂಲೆಯಲ್ಲಿ ಕೆಂಪು ಶಿಲುಬೆ ಇರಲಿ ಎಂದು ಚಿತ್ರಕಾರರಿಗೆ ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮೈಸೂರು