ಒಡೆದ ಲೋಟ ನನ್ನದು, ಕೊಯ್ದದ್ದು ಅಕ್ಕನ ಕೈ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ಕಡೆ ಬರುತ್ತೇನೆ.

ಹೋದ ತಿಂಗಳು ಮನೆಯಲ್ಲಿ ಗಾಜಿನ ಲೋಟ ಒಡೆಯಿತು. ಆಫೀಸಿಗೆ ಹೊರಡುವ ಗಡಿಬಿಡಿ. ಚೂರು ಗುಡಿಸಿ, ಹಾಲಿನ ಕವರಿಗೆ ತುಂಬಿ, ಹಸಿ ಕಸದ ಬಕೆಟ್ಟಿನಲ್ಲಿ ಸೊಪ್ಪಿನ ಕಡ್ಡಿ, ಕಾಫಿ ಚರಟದ ಅಡಿಗೆ ತುರುಕಿದೆ. ಕಸದ ಆಟೋದ ಅಕ್ಕ ಎಂದಿನಂತೆ ಬಕೆಟ್ಟಿಗೆ ಕೈ ಹಾಕಿ ಕೆದಕಿದರು. ಗ್ಲೌಸ್ ಇರಲಿಲ್ಲ. ಹೆಬ್ಬೆರಳಿನ ಬುಡ ಸೀಳಿತು. ನಾನು ಅರಿಶಿನ ತರಲು ಒಳಗೆ ಓಡಿ ವಾಪಸ್ ಬರುವಷ್ಟರಲ್ಲಿ ಅವರು ಸೆರಗಿನ ತುದಿ ಸುತ್ತಿಕೊಂಡು ಪಕ್ಕದ ಮನೆಯ ಬಕೆಟ್ ಎತ್ತುತ್ತಿದ್ದರು. "ಬಿಡಿ ಸಾರ್, ದಿನಾ ಇದ್ದಿದ್ದೇ" ಅಂದರು. ಎರಡು ಬೈದಿದ್ದರೆ ವಾಸಿಯಿತ್ತು.

ಅದರ ಹಿಂದಿನ ವಾರವಷ್ಟೇ ನಿಮಗೊಂದು ಮನವಿ ಕೊಟ್ಟಿದ್ದೆವು, ನೆನಪಿದೆಯಾ? ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗಿನ ಕಸದ ರಾಶಿ ತೆಗೆಸಿ ಅಂತ. ನಲವತ್ತು ಸಹಿ. ಬರೆದವನು ನಾನೇ. ಸಂವಿಧಾನದ 21ನೇ ವಿಧಿಯನ್ನೂ ಹಾಕಿದ್ದೆ. ಬದುಕುವ ಹಕ್ಕಿನಲ್ಲಿ ಶುದ್ಧ ಗಾಳಿ, ನೀರೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಪರಿಸರ ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಅನ್ನುವ 51ಎ ಮಾತ್ರ ಬರೆಯಲಿಲ್ಲ. ಬರೆದಿದ್ದರೆ ಸಹಿ ಕಡಿಮೆಯಾಗುತ್ತಿತ್ತೇನೋ. ಸಹಿ ಹಾಕಿದವರಲ್ಲೇ ಇಬ್ಬರು ರಾತ್ರಿ ಸ್ಕೂಟರ್ ನಿಲ್ಲಿಸದೆ ಅಲ್ಲೇ ಕವರ್ ಎಸೆದು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬೀದಿ ಕ್ಲೀನಾದರೆ ಕಸ ಎಲ್ಲಿಗೆ ಹೋಗುತ್ತದೆ? ಹಿಂದೆ ಬೆಂಗಳೂರಿನ ಹೊರಗಿನ ಮಂಡೂರು ಅನ್ನೋ ಹಳ್ಳಿಗೆ ಹೋಗುತ್ತಿತ್ತು. ಅಲ್ಲಿನ ಜನ 2014ರಲ್ಲಿ ರಸ್ತೆಗಿಳಿದರು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳಿಗೆ ತಿರುಗಿತು. ಹಸಿ ಒಣ ಬೆರೆಸಿ ಕೊಟ್ಟರೆ ಅದು ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. ಕೊಳೆತು, ಕಪ್ಪು ನೀರು ಬಿಟ್ಟು, ಯಾರದ್ದೋ ಊರಿನ ಬಾವಿಗೆ ಇಳಿಯುತ್ತದೆ. 21ನೇ ವಿಧಿ ಅವರಿಗೂ ಇದೆ ಅಲ್ವಾ?

ಹಾಗಂತ, "ನೋಡಿದ್ರಾ, ಮೊದಲು ನಿಮ್ಮ ಕರ್ತವ್ಯ ಮಾಡಿ, ಆಮೇಲೆ ಹಕ್ಕು ಕೇಳಿ" ಅಂದುಬಿಡಬೇಡಿ. ಆ ಕರ್ತವ್ಯಗಳ ಪಟ್ಟಿ ಸಂವಿಧಾನಕ್ಕೆ ಸೇರಿದ್ದೇ 1976ರಲ್ಲಿ, ತುರ್ತು ಪರಿಸ್ಥಿತಿ ನಡುವೆ, ಜನರ ಹಕ್ಕುಗಳಿಗೆ ಬೀಗ ಬಿದ್ದಿದ್ದಾಗ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ ಬರೆದವರು ಜಾಣರು. ಸಮುದಾಯಕ್ಕೆ ನಾವು ಮಾಡಬೇಕಾದದ್ದೂ ಇದೆ ಅಂತ 29ನೇ ವಿಧಿಯಲ್ಲಿ ಹೇಳಿ, ಇದರಲ್ಲಿರುವ ಯಾವುದನ್ನೂ ಹಕ್ಕು ಕಸಿಯಲು ಬಳಸುವಂತಿಲ್ಲ ಅಂತ 30ರಲ್ಲಿ ಬಾಗಿಲು ಹಾಕಿಬಿಟ್ಟಿದ್ದಾರೆ.

ಆ ಟ್ರಾನ್ಸ್‌ಫಾರ್ಮರ್ ರಾಶಿಯನ್ನೇ ನೋಡಿ. ಎಲ್ಲರೂ ಸೋಮಾರಿಗಳಲ್ಲ. ಹಿಂದಿನ ಬೀದಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಳೂವರೆಗೇ ಬಸ್ ಹಿಡಿಯುತ್ತಾರೆ. ಆಟೋ ಬರುವುದು ಒಂಬತ್ತೂವರೆಗೆ, ಕೆಲವು ದಿನ ಹನ್ನೊಂದಕ್ಕೆ. ಒಂದು ರೂಮಿನಲ್ಲಿ ನಾಲ್ಕು ಜನ. ಮೀನು ಸೋಸಿದ ಕಸವನ್ನು ಎರಡು ದಿನ ಎಲ್ಲಿಟ್ಟುಕೊಳ್ಳಬೇಕು? ಅವರಿಗೂ ನನಗೂ ಒಂದೇ ದಂಡ ಹಾಕಿದರೆ ಅದು ಸಮಾನತೆ ಅಲ್ಲ. ನನ್ನ ಮನೆಯಲ್ಲಿ ಮೂರು ಬಕೆಟ್ಟಿಗೆ ಜಾಗ ಇದೆ. ನನಗೆ ನೆಪ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಬೀದಿಯಲ್ಲಿ ಕಸ ಎಸೆದವರ ಮನೆ ಮುಂದೆಯೇ ಕಸ ನಿರ್ವಹಣೆ ಸಂಸ್ಥೆಯವರು ಕಸ ತಂದು ಸುರಿದರಲ್ಲ, ಟಿವಿಯಲ್ಲಿ ನೋಡಿ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಸುರಿದದ್ದನ್ನು ಮತ್ತೆ ಬಾಚುವ ಕೈ ಯಾವುದು ಹೇಳಿ?

ನಿಮ್ಮಿಂದ ಬೇಕಾದದ್ದು ಜಾಸ್ತಿ ಏನಿಲ್ಲ. ವಾರಕ್ಕೆ ಮೂರು ದಿನವಾದರೂ ಸಂಜೆ ಏಳರ ಮೇಲೆ ಒಂದು ಆಟೋ. ಕಸ ಎತ್ತುವವರಿಗೆ ಗಟ್ಟಿ ಗ್ಲೌಸ್, ಹರಿದಾಗ ಹೊಸದು. ದಂಡ ಹಾಕುವುದಾದರೆ ಕಲ್ಯಾಣ ಮಂಟಪಗಳಿಂದ ಶುರು ಮಾಡಿ. (ನಿಮ್ಮ ಹುಟ್ಟುಹಬ್ಬದ ಮಾರನೇ ದಿನ ಮೈದಾನದ ತುಂಬಾ ಬಿದ್ದಿದ್ದ ಪೇಪರ್ ತಟ್ಟೆಗಳೂ ಲೆಕ್ಕಕ್ಕೆ ಬರಲಿ.)

ನಮ್ಮ ಪಾಲಿನದ್ದು ಶುರುವಾಗಿದೆ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು, ಕೈಗೆ ಕೊಡುತ್ತೇವೆ. ನಲವತ್ತು ಮನೆಗಳಲ್ಲಿ ಹದಿನೇಳು ಒಪ್ಪಿವೆ. ಸ್ಕೂಟರಿನವರಲ್ಲಿ ಒಬ್ಬರು ಅದರಲ್ಲಿದ್ದಾರೆ, ಇನ್ನೊಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅಕ್ಕನ ಕೈಗೆ ಎರಡು ಹೊಲಿಗೆ ಬಿತ್ತು. ಮೂರು ದಿನ ಬರಲಿಲ್ಲ. ಆ ಮೂರು ದಿನದ ಸಂಬಳ ಹಿಡಿದುಕೊಂಡರಾ ಅಂತ ಕೇಳಿದೆ. ಸುಮ್ನೆ ಬಕೆಟ್ ವಾಪಸ್ ಕೊಟ್ಟು ಮುಂದಿನ ಮನೆಗೆ ಹೋದರು. ನೀವು ಒಂದು ಮಾತು ವಿಚಾರಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ