20ಕ್ಕೆ 18 ತೆಗೆದ ಮಗಳಿಗೆ ಕಾಕಾನ ಪತ್ರ

ಪ್ರೀತಿಯ ಮಗಳೇ,

ಕಾಕಾನ ಆಶೀರ್ವಾದಗಳು. ನೀನು ಫೋನಿಗೆ ಕಳಿಸಿದ ಉತ್ತರಪತ್ರಿಕೆ ನೋಡಿದೆ. ‘ಅಭಿವೃದ್ಧಿಶೀಲ ದೇಶಗಳ ಲಕ್ಷಣಗಳು’, 20ಕ್ಕೆ 18. ನಿನ್ನ ಅಪ್ಪ ಓಣಿಗೆಲ್ಲ ತೋರಿಸಿ ಬಂದ. ನನಗೂ ಖುಷಿಯೇ. ಆದರೆ ಅಷ್ಟು ವರ್ಷ ಕೆಂಪು ಪೆನ್ನು ಹಿಡಿದ ಮೇಷ್ಟ್ರು ನಾನು, ಸುಮ್ನೆ ಹೇಗಿರಲಿ? ಕಡಿಮೆ ತಲಾ ಆದಾಯ, ಅನಕ್ಷರತೆ, ಪ್ರಚ್ಛನ್ನ ನಿರುದ್ಯೋಗ ಎಲ್ಲ ಸಾಲಾಗಿ ಇವೆ. ಓದಿದರೆ ಯಾರದೋ ಊರಿನ ಸುದ್ದಿ ಅನ್ನಿಸುತ್ತದೆ. ಅದು ನಮ್ಮ ಮನೆಯದೇ ಅಲ್ವಾ?

ನಮ್ಮ ನಾಲ್ಕು ಎಕರೆ ತೊಗರಿ ಹೊಲ ನೆನಪಿಸಿಕೋ. ಆರು ಜನ ಇಳಿಯುತ್ತಿದ್ದೆವು, ಮೂವರು ಸಾಕಾಗಿತ್ತು. ಬೇರೆ ಕೆಲಸ ಇರಲಿಲ್ಲ, ಅದಕ್ಕೆ ಎಲ್ಲರೂ ಹೊಲಕ್ಕೆ. ಪ್ರಚ್ಛನ್ನ ನಿರುದ್ಯೋಗ ಅಂದರೆ ಅಷ್ಟೇ. ಇವತ್ತಿಗೂ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 45 ಮಂದಿ ಕೃಷಿಯಲ್ಲಿದ್ದಾರೆ. ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಮಾತ್ರ ನೂರಕ್ಕೆ 18ರ ಆಸುಪಾಸು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. 1981ರ ಜನಗಣತಿಗೆ ನನ್ನನ್ನು ಹಾಕಿದ್ದರು, ಆಗಿನ್ನೂ ಹೊಸ ನೌಕರಿ. ಬಾಗಿಲಲ್ಲಿ ಗಂಡಸರನ್ನೇ ಕೇಳುತ್ತಿದ್ದೆ, ಹೆಂಡತಿ ಏನು ಮಾಡುತ್ತಾಳೆ ಅಂತ. “ಏನೂ ಇಲ್ರೀ ಸರ, ಮನ್ಯಾಗ ಇರ್ತಾಳ.” ನಾನು ‘ಮನೆಗೆಲಸ’ ಎಂದು ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಆಕೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ನಮ್ಮ ಓಣಿಯೂ ನನ್ನ ಪಾಲಿಗೇ ಬಂದಿತ್ತು. ನಮ್ಮ ಅವ್ವನ ಹೆಸರಿನ ಮುಂದೆಯೂ ಅದನ್ನೇ ಬರೆದೆ! ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಬಂದು, ದಿನವಿಡೀ ನಮ್ಮ ಜೊತೆ ದುಡಿಯುತ್ತಿದ್ದವಳು. 1991ರ ಫಾರಂನಲ್ಲಿ, ಕೂಲಿಯಿಲ್ಲದೆ ಮನೆಯ ಹೊಲದಲ್ಲಿ ಮಾಡಿದ್ದೂ ಕೆಲಸವೇ ಎಂದು ಪ್ರಶ್ನೆಯಲ್ಲೇ ಸೇರಿಸಿದರು. ಓದುವಾಗ ಕಿವಿ ಬಿಸಿಯಾಯಿತು. ಅವ್ವ ಆಗಲೇ ತೀರಿಕೊಂಡಿದ್ದಳು.

ಅನಕ್ಷರತೆಗೆ ನೀನು ‘ಜನರ ನಿರಾಸಕ್ತಿ’ ಎಂದು ಕಾರಣ ಕೊಟ್ಟಿದ್ದೀಯ. ಇದಕ್ಕೆ ನಾನಾಗಿದ್ದರೆ ಅಂಕ ಕಡಿಯುತ್ತಿದ್ದೆ. ಸಂಕ್ರಾಂತಿ ದಾಟಿದರೆ ನನ್ನ ತರಗತಿಯ ಹಿಂದಿನ ಸಾಲು ಖಾಲಿ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಇಡೀ ಸಂಸಾರ ಗುಳೆ ಹೋಗಿರುತ್ತದೆ. ಚಿಕ್ಕ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯೂ ಹೋಗಬೇಕು. ಮುಂಗಾರಿಗೆ ತಿರುಗಿ ಬಂದಾಗ ಪರೀಕ್ಷೆ ಮುಗಿದಿರುತ್ತದೆ. ಎರಡು ವರ್ಷ ಹೀಗಾದರೆ ಅವಳು ಶಾಲೆ ಕಡೆ ತಲೆ ಹಾಕುವುದಿಲ್ಲ. ನಾಳೆ ಅವಳೂ ಮುಂಗಡ ತೆಗೆದುಕೊಳ್ಳುತ್ತಾಳೆ. ನಿಮ್ಮ ಪುಸ್ತಕದ ‘ಬಡತನದ ವಿಷವರ್ತುಲ’ ನಾನು ನೋಡಿದ್ದು ಹಾಜರಿ ಪುಸ್ತಕದಲ್ಲಿ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75. ನಮ್ಮ ಯಾದಗಿರಿ ಜಿಲ್ಲೆಯದು 52ಕ್ಕೂ ಸ್ವಲ್ಪ ಕಡಿಮೆ. ನೀನೀಗ ಓದುತ್ತಿರುವ ದಕ್ಷಿಣ ಕನ್ನಡದ್ದು 88ಕ್ಕೂ ಜಾಸ್ತಿ. ಅಲ್ಲಿಯವರು ಜಾಣರು, ನಾವು ದಡ್ಡರು ಅಂತಲ್ಲ. ಮಂಗಳೂರಿಗೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲೇ ಬಂದರು, ಆಮೇಲೆ ಶಾಲೆ ತೆರೆದರು. 1906ರಷ್ಟು ಹಿಂದೆಯೇ ಅಲ್ಲಿ ಬ್ಯಾಂಕು ಹುಟ್ಟಿತು. ನಾವು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಕೈಕೆಳಗಿದ್ದೆವು. ಶಾಲೆಗಳೇ ಕಡಿಮೆ, ಮೇಲಿನ ಓದು ಉರ್ದುವಿನಲ್ಲಿ. ನಿಮ್ಮ ಮುತ್ತಜ್ಜ ಹೆಬ್ಬೆಟ್ಟು ಒತ್ತಿದ್ದು ಸುಮ್ನೆ ಅಲ್ಲ. ಸರಾಸರಿ ನೋಡಿದಾಗೆಲ್ಲ ಅದರೊಳಗೆ ಯಾವ ಜಿಲ್ಲೆ ಮುಳುಗಿದೆ ಎಂದು ಹುಡುಕು.

ಮನೆಮನೆಗೂ ಮಕ್ಕಳು ಹೆಚ್ಚು, ಅದಕ್ಕೇ ಜನಸಂಖ್ಯೆ ಏರುತ್ತಿದೆ ಎಂದು ನೀನು ಬರೆದದ್ದು ಹಳತಾಯಿತು. ದೇಶದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎರಡೇ ಮಕ್ಕಳು ಈಗ. ಅದನ್ನು ತಿದ್ದಿಕೋ.

ಮುಂದಿನ ವರ್ಷ ಕಿರುಸಂಶೋಧನೆ ಮಾಡಬೇಕು, ವಿಷಯ ಹೇಳು ಕಾಕಾ ಅಂದಿದ್ದೆಯಲ್ಲ. ಮಂಗಳೂರಿನ ಕಟ್ಟಡದ ಕೆಲಸದಲ್ಲಿ ನಮ್ಮ ಕಡೆಯ ಮಂದಿ ಬೇಕಾದಷ್ಟಿದ್ದಾರೆ. ಒಂದು ಭಾನುವಾರ ಅವರ ಶೆಡ್ಡಿಗೆ ಹೋಗು. ಕಾಲೇಜಿನ ಕನ್ನಡ ಬೇಡ, ಮನೆಯಲ್ಲಿ ಆಡುವಂತೆ ಮಾತಾಡು. ಎಷ್ಟು ಮುಂಗಡ, ತಿಂಗಳಿಗೆ ನೂರಕ್ಕೆ ಎಷ್ಟು ಬಡ್ಡಿ, ರೇಷನ್ ಕಾರ್ಡು ಯಾವ ಊರಲ್ಲಿದೆ, ಮಕ್ಕಳು ಎಲ್ಲಿ, ಕೇಳು. ಹೆಂಗಸರ ಕೆಲಸವನ್ನು ಗಂಡಸರ ಬಾಯಿಂದ ಬರೆದುಕೊಳ್ಳಬೇಡ, ನಾನು ಮಾಡಿದ್ದು ಸಾಕು. ಮೊದಲ ದಿನ ಪೆನ್ನು ತೆಗೆಯಲೇ ಬೇಡ.

ಕಾಕಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಶುಕ್ರವಾರ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಹೆಚ್ಚೇ ಇದೆ, ಶೆಡ್ಡಿಗೆ ಹೋಗುವಾಗ ಒಂದು ಕಟ್ಟು ತೆಗೆದುಕೊಂಡು ಹೋಗು.

ನಿನ್ನ
ಕಾಕಾ