ಅತ್ತೆಯ ನುಡಿನಮನ ಬರೆಯುವ ಮೊದಲು

ಉಡುಪಿ

ಚಿ. ಅಕ್ಷತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅತ್ತೆಯ ವರ್ಷಾಂತಕ್ಕೆ ಓದಲೆಂದು ನೀನು ಬರೆದು ಕಳಿಸಿದ್ದನ್ನು ನೋಡಿದೆ. ಭಾಷೆ ಚೆನ್ನಾಗಿದೆ, ಆದರೆ ಅದರಲ್ಲಿ ಅತ್ತೆ ಇಲ್ಲ. ‘ಮಹಾನ್ ವಿಜ್ಞಾನಿ, ದೈವಭಕ್ತೆ, ಕ್ಯಾನ್ಸರನ್ನು ನಗುತ್ತಲೇ ಎದುರಿಸಿದವರು’ ಎಂಬುದನ್ನು ಯಾರ ಫೋಟೋದ ಕೆಳಗೆ ಬೇಕಾದರೂ ಅಂಟಿಸಬಹುದು.

ಅವಳ ಕೆಲಸದಿಂದ ಶುರು ಮಾಡು. ಅಂದು ಬರುವವರಲ್ಲಿ ಅರ್ಧಕ್ಕರ್ಧ ಅಡಿಕೆ ತೋಟದವರು. ಅಡಿಕೆ ಕೊಳೆಯಿಸುವ ರೋಗಾಣುವಿನ ಹೆಸರು ಫೈಟಾಫ್ತೊರಾ ಎಂದರೆ ಅವರು ಮೊಬೈಲ್ ನೋಡುತ್ತಾರೆ, ಕೊಳೆರೋಗ ಎಂದರೆ ತಲೆ ಎತ್ತುತ್ತಾರೆ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದನ್ನು ಅವಳು ತೋಟದಲ್ಲಿ ನಿಂತು ಹೇಳಿಕೊಡುತ್ತಿದ್ದಳಲ್ಲ, ಅದನ್ನೇ ಬರೆ. 1 ಕೆ.ಜಿ. ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು, ಸುಣ್ಣದ ನೀರನ್ನು ತುತ್ತಿನ ನೀರಿಗೆ ಹೊಯ್ದರೆ ದ್ರಾವಣ ಒಡೆದು ತಳಕ್ಕೆ ಕೂರುತ್ತದೆ. ಕಬ್ಬಿಣದ ಡ್ರಮ್ಮು ಕೂಡದು. ಉಜ್ಜಿ ಹೊಳೆಯಿಸಿದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಮೊದಲ ಮದ್ದು ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ. 1910ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಕೊಳೆರೋಗದ ಮೇಲೆ ಬರೆದಿದ್ದರು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸು, ಅವಳು ಯಾವ ದಾರಿಯಲ್ಲಿ ನಡೆದವಳೆಂದು ತಿಳಿಯುತ್ತದೆ. ಪ್ರಶಸ್ತಿಗಳಿಗೆ ಎರಡು ಸಾಲು ಸಾಕು.

ಕಾಯಿಲೆಯ ಭಾಗಕ್ಕೆ ಮಾವನ ಹತ್ತಿರ ಇರುವ ಆ ನೀಲಿ ರಟ್ಟಿನ ನೋಟ್‌ಬುಕ್ ಕೇಳಿ ತೆಗೆದುಕೋ. 21 ದಿನಕ್ಕೊಂದು ಕೀಮೋ, ಬೆಳಿಗ್ಗೆ ಸಂಜೆ ಜ್ವರದ ಅಂಕಿ, ಎಷ್ಟು ಲೋಟ ಗಂಜಿತಿಳಿ ಒಳಗೆ ಹೋಯಿತು, ಎಲ್ಲ ಅದರಲ್ಲಿದೆ. ಕೀಮೋ ಆದ 7ರಿಂದ 14ನೇ ದಿನದ ಪುಟಗಳಿಗೆ ಅಂಚಿನಲ್ಲಿ ಕೆಂಪು ಗೆರೆ ಇದೆ. ಬಿಳಿ ರಕ್ತಕಣ ಇಳಿದು ಸೋಂಕು ಬೇಗ ತಗಲುವ ದಿನಗಳವು. ಜ್ವರ 100.4 ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಕೂಡಲೇ ಆಸ್ಪತ್ರೆಗೆ. ಅದಕ್ಕೇ ಆ ವಾರ ಕಾರಿನ ಕೀಲಿ ಮತ್ತು ಫೈಲು ಬಾಗಿಲ ಬಳಿಯ ಮೊಳೆಯಲ್ಲೇ ತೂಗುತ್ತಿದ್ದವು. ‘ಕುಟುಂಬ ಬೆನ್ನಿಗೆ ನಿಂತಿತು’ ಎಂಬ ಸಾಲನ್ನು ಹೊಡೆದುಹಾಕಿ ಈ ಮೊಳೆಯನ್ನು ಬರೆ.

ಭಕ್ತಿಯ ವಿಷಯದಲ್ಲಿ ನೀನು ಎಡವಿದ್ದೀ. ಹರಕೆಯಿಂದ ಎರಡು ವರ್ಷ ಹೆಚ್ಚು ಬದುಕಿದರು ಎಂದು ಬರೆದಿದ್ದೀಯಲ್ಲ, ಅತ್ತೆ ಒಂದು ದಿನವೂ ಆ ಮಾತು ಆಡಿದವಳಲ್ಲ. ಕೇಳುವವರ ಮನೆಯಲ್ಲೂ ರೋಗಿಗಳಿರುತ್ತಾರೆ, ಅದನ್ನು ನಂಬಿ ಯಾರಾದರೂ ಮದ್ದು ಬಿಟ್ಟರೆ? ಆ ಕೆಂಪು ಗೆರೆಯ ದಿನಗಳಲ್ಲಿ ಅವಳು ಜನಜಂಗುಳಿ ಬೇಡವೆಂದು ಕೃಷ್ಣಮಠಕ್ಕೆ ಹೋಗುತ್ತಿರಲಿಲ್ಲ. ಮನೆಗೆ ತಂದ ತೀರ್ಥವನ್ನು ಕಣ್ಣಿಗೊತ್ತಿಕೊಂಡು ತುಳಸಿಕಟ್ಟೆಗೆ ಹಾಕುತ್ತಿದ್ದಳು, ಕುದಿಸದ ನೀರು ಎಂದು ಕುಡಿಯುತ್ತಿರಲಿಲ್ಲ. ಸಂಜೆ ದೀಪ, ವಿಷ್ಣು ಸಹಸ್ರನಾಮ ಮಾತ್ರ ತಪ್ಪಲಿಲ್ಲ. ಬಾಯಿ ಹುಣ್ಣಾದಾಗ ಬೇರೆಯವರು ಓದಿದ್ದನ್ನು ಕೇಳುತ್ತಿದ್ದಳು.

ಕ್ಯಾಥ್ಲೀನ್ ಲಾನ್ಸ್‌ಡೇಲ್ ಹೆಸರು ಕೇಳಿದ್ದೀಯಾ? ಬ್ರಿಟನ್ನಿನ ವಿಜ್ಞಾನಿ, ಬೆಂಜೀನ್ ಅಣುವಿನ ಉಂಗುರ ಚಪ್ಪಟೆ ಎಂದು 1929ರಲ್ಲಿ ಎಕ್ಸ್-ರೇಯಿಂದ ತೋರಿಸಿದವರು. 1945ರಲ್ಲಿ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಮೊದಲು ಆಯ್ಕೆಯಾದ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. 1943ರಲ್ಲಿ ಯುದ್ಧಕಾಲದ ಕಡ್ಡಾಯ ನೋಂದಣಿ ಒಲ್ಲೆ ಎಂದರು, 2 ಪೌಂಡ್ ದಂಡವನ್ನೂ ಕಟ್ಟಲಿಲ್ಲ, ಲಂಡನ್ನಿನ ಹಾಲೋವೇ ಜೈಲಿನಲ್ಲಿ ಒಂದು ತಿಂಗಳು ಕಳೆದರು. ಇಷ್ಟು ಹೇಳಿದರೆ ಅವರ ಶ್ರದ್ಧೆ ಎಂಥದ್ದೆಂದು ಬೇರೆ ಹೇಳಬೇಕೇ? ತೀರ್ಥದ ಸಂಗತಿಯನ್ನೂ ಹಾಗೆಯೇ ಹೇಳಿ ಬಿಟ್ಟುಬಿಡು, ವಿವರಿಸಲು ಹೋಗಬೇಡ.

450 ಪದ ದಾಟಿಸಬೇಡ, ಊಟದ ಹೊತ್ತಿಗೆ ಯಾರೂ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಇಸವಿಗಳನ್ನು ಅವಳ ಪಿಎಚ್.ಡಿ. ಪ್ರಬಂಧದ ಮೊದಲ ಪುಟದಿಂದಲೇ ತೆಗೆದುಕೋ, ನೆಂಟರ ನೆನಪನ್ನು ನಂಬಬೇಡ. ಮಾವನಿಗೆ ಓದಿ ಹೇಳದೆ ಪ್ರಿಂಟಿಗೆ ಕೊಡಬೇಡ. ಆಸ್ಪತ್ರೆಯ ಸಂಗತಿ ಎಷ್ಟು ಹೊರಗೆ ಬರಬೇಕು ಎಂಬುದು ಅವರ ತೀರ್ಮಾನ. ಮೊಳೆಯ ಮಾತು ಬೇಡ ಎಂದರೆ ಅದನ್ನೂ ತೆಗೆ.

ಇಂತಿ,
ನಿನ್ನ ದೊಡ್ಡಪ್ಪ